ಚಿನ್ನ ಬಿಟ್ಟು ತಾಮ್ರ ಕದ್ದವನು

೨೦೧೯ರ ಫೆಬ್ರವರಿ ೧೧, ಸೋಮವಾರ. ಬೆಳಿಗ್ಗೆ ಎಂಟಕ್ಕೇ ಕಿಂಬರ್ಲಿಯ ಬಿಸಿಲು ಬೀಕನ್ಸ್‌ಫೀಲ್ಡ್ ಠಾಣೆಯ ತಗಡಿನ ಮಾಡನ್ನು ಕಾಯಿಸಿಬಿಟ್ಟಿತ್ತು. ದೂರು ಕೊಡಲು ಸಾಲಿನಲ್ಲಿ ನಿಂತವರು ಕೈಗೆ ಸಿಕ್ಕಿದ ಕಾಗದದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಒಬ್ಬರು ಮಾತ್ರ ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು, ಟೋಪಿಯನ್ನು ಕೈಯಲ್ಲಿ ಹಿಡಿದು ನೆಟ್ಟಗೆ ನಿಂತಿದ್ದರು. ಹೆಸರು ಎಡ್ಗರ್ ಫೋರ್ಟುಯಿನ್. ವಯಸ್ಸು ಎಪ್ಪತ್ತೆರಡು. ರೈಲ್ವೆಯಲ್ಲಿ ಟಿಕೆಟ್ ಗುಮಾಸ್ತರಾಗಿ ಸೇರಿ, ಮುಖ್ಯ ಗುಮಾಸ್ತರಾಗಿ ನಿವೃತ್ತರಾದವರು. ಊರಿನ ಚಿಕ್ಕವರಿಗೆಲ್ಲ ಅವರು ಊಮ್ ಎಡ್ಗರ್. ಎಡ್ಗರ್ ಮಾಮ ಅಂದ ಹಾಗೆ.

ದೂರು ಬರೆದುಕೊಳ್ಳಲು ಕೂತಿದ್ದವನು ಕಾನ್‌ಸ್ಟೆಬಲ್ ಡೆಸ್ವಿನ್ ಯಾಫ್ತಾ.

“ಏನು ಕಳುವಾಗಿದೆ ಊಮ್?”

“ನಾಣ್ಯಗಳು.”

“ಎಷ್ಟು ರಾಂಡ್ ಇತ್ತು?”

“ಖರ್ಚು ಮಾಡೋ ನಾಣ್ಯ ಅಲ್ಲಪ್ಪ. ಸಂಗ್ರಹ. ಐವತ್ತು ವರ್ಷ ಒಂದೊಂದಾಗಿ ಕೂಡಿಟ್ಟದ್ದು.”

“ಬೆಲೆ ಎಷ್ಟಾಗಬಹುದು?”

“ಬೆಲೆ ಅಂತ ನಾನು ಯಾವತ್ತೂ ನೋಡಿದವನಲ್ಲ. ನನ್ನ ಮನೇಲಿ ಆ ಮಾತೇ ಆಡೋ ಹಾಗಿಲ್ಲ. ಖುಷಿಗೆ ಇಟ್ಕೊಂಡದ್ದು.”

“ಇಲ್ಲಿ ಏನಾದ್ರೂ ಬರೀಲೇಬೇಕು ಊಮ್. ಖುಷಿ ಅಂತ ಬರೆದ್ರೆ ಇನ್‌ಸ್ಪೆಕ್ಟರಮ್ಮ ನನ್ನ ಕಿವಿ ಹಿಂಡ್ತಾರೆ.”

ಮುದುಕರು ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದರು. ಆಮೇಲೆ ಹಿಂದಿನವರಿಗೆ ಕೇಳದಷ್ಟು ಮೆಲ್ಲಗೆ, “ವಿಮೆ ನಾಲ್ಕು ಲಕ್ಷಕ್ಕೆ ಮಾಡ್ಸಿದೀನಿ,” ಅಂದರು.

ಯಾಫ್ತಾ ಸಿಳ್ಳೆ ಹಾಕಲು ಹೋಗಿ ತಡೆದುಕೊಂಡ. ಮನೆ ಹೊಕ್ಕು ಕಳ್ಳತನ ಎಂದು ದೂರು ದಾಖಲಾಯಿತು. ಡಾಕೆಟ್ ಎಂಬ ಕೇಸಿನ ಕಡತ ತೆರೆದು, ನಂಬರು ಹಾಕಿ, ಒಳಕೋಣೆಯ ಮೇಜಿಗೆ ಕಳಿಸಿದ.

ಆ ಮೇಜು ಒನಲೆನ್ನ ಮೊಗೊರೊಸಿಯದು. ಇಲಾಖೆಯಲ್ಲಿ ಆಕೆಯ ಹುದ್ದೆಯ ಹೆಸರು ಈಗ ವಾರಂಟ್ ಆಫೀಸರ್ ಎಂದಾಗಿದ್ದರೂ ಜನ ಹಳೆಯ ರೂಢಿಯಂತೆ ಇನ್‌ಸ್ಪೆಕ್ಟರ್ ಎಂದೇ ಕರೆಯುತ್ತಿದ್ದರು. ನಲವತ್ತಾರು ವರ್ಷದ, ಹೆಚ್ಚು ಮಾತಿಲ್ಲದ ಹೆಂಗಸು. ಡಾಕೆಟ್ ಓದಿ, ಯಾಫ್ತಾನ ಕೈಯಲ್ಲಿದ್ದ ಕರಿದ ಹಿಟ್ಟಿನುಂಡೆ ವೆಟ್‌ಕುಕ್ಕನ್ನು ನೋಡಿ, “ಅದನ್ನ ದಾರೀಲಿ ತಿನ್ನು. ನಡಿ,” ಎಂದಳು.

ಎಡ್ಗರ್ ಅವರ ಮನೆ ರೈಲ್ವೆ ಹಳಿಯ ಬದಿಯ ಹಳೆಯ ಕೆಂಪು ಇಟ್ಟಿಗೆಯ ಸಾಲಿನಲ್ಲಿತ್ತು. ಹೆಂಡತಿ ತೀರಿಕೊಂಡು ಆರು ವರ್ಷ, ಮಗಳು ಕೇಪ್‌ಟೌನಿನಲ್ಲಿ. ಇಬ್ಬರು ನೆರೆಯವರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಮೊಗೊರೊಸಿ ಮಹಜರು ಶುರುಮಾಡಿದಳು. ಮುಂಬಾಗಿಲ ಬೀಗಕ್ಕೆ ಏನೂ ಆಗಿರಲಿಲ್ಲ. ಕಿಟಕಿಯ ಸರಳುಗಳು ಗಟ್ಟಿಯಾಗಿಯೇ ಇದ್ದವು. ಟೀವಿ, ರೇಡಿಯೋ, ಹೆಂಡತಿಯ ಕೈಗಡಿಯಾರ, ಎಲ್ಲ ಇದ್ದ ಜಾಗದಲ್ಲೇ ಇದ್ದವು.

ಊಟದ ಕೋಣೆಯ ಗೋಡೆಗೆ ಒರಗಿಸಿ ತೇಗದ ಮರದ ಒಂದು ಕಪಾಟು. ಆಳವಿಲ್ಲದ ನಲವತ್ತು ಡ್ರಾಯರು, ಒಂದೊಂದರೊಳಗೂ ಹಸಿರು ಬಟ್ಟೆ, ಬಟ್ಟೆಯಲ್ಲಿ ನಾಣ್ಯದ ಅಳತೆಗೆ ಗುಂಡನೆಯ ಗುಳಿಗಳು. ಗುಳಿಗಳೆಲ್ಲ ಖಾಲಿ. ಕಪಾಟಿಗೂ ಗೀರು ಬಿದ್ದಿರಲಿಲ್ಲ.

“ಇದಕ್ಕೆ ಬೀಗ ಎಲ್ಲಿದೆ?” ಮೊಗೊರೊಸಿ ಕೇಳಿದಳು.

“ಬೀಗ ಇಲ್ಲ. ಎಡಗಡೆ ಮೂಲೇನ ಸ್ವಲ್ಪ ಎತ್ತಿ ಒತ್ತಬೇಕು. ಆಗ ಡ್ರಾಯರುಗಳು ಬಿಡ್ತವೆ. ಗೊತ್ತಿಲ್ಲದವರಿಗೆ ಕೊಡಲಿ ತಂದ್ರೂ ತೆಗೆಯೋಕಾಗಲ್ಲ.”

“ಯಾರಿಗೆ ಗೊತ್ತು?”

“ನನಗೆ.”

“ಮತ್ತೆ?”

“ಇನ್ಯಾರಿಗೂ ಇಲ್ಲ.”

“ಇದನ್ನ ಮಾಡಿದವನಿಗೆ?”

ಎಡ್ಗರ್ ಕಿಟಕಿಯ ಕಡೆ ನೋಡಿದರು. “ಒಬ್ಬ ಬಡಗಿ ಮಾಡಿದ್ದು. ಹಳೇ ಮಾತು ಅದು.”

ಮೊಗೊರೊಸಿ ಆ ಮಾತನ್ನು ಅಲ್ಲಿಗೇ ಬಿಟ್ಟಳು. ಪಕ್ಕದ ಮಲಗುವ ಕೋಣೆಯಲ್ಲಿ ಹಾಸಿಗೆಯ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ, ಒಂದು ಕ್ರೂಗರ್‌ರಾಂಡ್ ಇತ್ತು. ಒಂದು ಔನ್ಸ್ ಚಿನ್ನದ ನಾಣ್ಯ. ಅದನ್ನು ಬೇರೆ ಕಡೆಯಿಂದ ತಂದು ಇಟ್ಟಂತಿತ್ತು. ಕೆಳಗೆ ಕರವಸ್ತ್ರ ಹಾಸಿತ್ತು.

“ಇದು ಇಲ್ಲೇ ಇತ್ತಾ?”

“ಇಲ್ಲ. ಕಪಾಟಿನ ಕೊನೇ ಡ್ರಾಯರಲ್ಲಿತ್ತು. ಕಳ್ಳ ತೆಗೆದು ಇಲ್ಲಿಟ್ಟು ಹೋಗಿದಾನೆ.”

ಯಾಫ್ತಾಗೆ ತಡೆಯಲಾಗಲಿಲ್ಲ. “ಚಿನ್ನ ಬಿಟ್ಟು ಪೆನ್ನಿ ಹೊತ್ಕೊಂಡು ಹೋದ್ನಾ? ಇಂಥ ಕಳ್ಳನ್ನ ಹಿಡಿದು ಜೈಲಿಗಲ್ಲ, ಶಾಲೆಗೆ ಹಾಕ್ಬೇಕು.”

ಎಡ್ಗರ್ ನಗಲಿಲ್ಲ. ಮೊಗೊರೊಸಿಯೂ ನಗಲಿಲ್ಲ. ಚಿನ್ನಕ್ಕೆ ತೂಕದ ಮೇಲೆ ಬೆಲೆ. ಯಾವ ಅಂಗಡಿಯಲ್ಲಾದರೂ ಅರ್ಧ ಗಂಟೆಯಲ್ಲಿ ದುಡ್ಡಾಗುತ್ತದೆ. ಅದನ್ನು ಎತ್ತಿ, ಕರವಸ್ತ್ರ ಹಾಸಿ, ಜೋಪಾನವಾಗಿ ಇಟ್ಟು ಹೋದವನಿಗೆ ದುಡ್ಡು ಬೇಕಿರಲಿಲ್ಲ. ಏನು ಬೇಕಿತ್ತೋ ಆಕೆಗೆ ಆಗ ತಿಳಿಯಲಿಲ್ಲ.

ಎದುರು ಮನೆಯ ಸೋಫಿ ಕಾಕ್ ಸಾಕ್ಷಿಯಾಗಿ ನಿಂತವಳು, ಸಹಿ ಹಾಕುವ ಮೊದಲೇ ಮಾತು ಶುರುಮಾಡಿದ್ದಳು.

“ನಿನ್ನೆ ನಾನು ಚರ್ಚಿಗೆ ಹೋಗಿರಲಿಲ್ಲಮ್ಮ, ಮಂಡಿನೋವು. ಇಲ್ಲೇ ನೆರಳಲ್ಲಿ ಕೂತಿದ್ದೆ. ಹತ್ತೂವರೆ ಹೊತ್ತಿಗೆ ಒಬ್ಬ ಹೋದ. ಹಳದಿ ಅಂಗಿ, ಹೊಳೆಯುತ್ತಲ್ಲ, ಅದು ಹಾಕ್ಕೊಂಡಿದ್ದ. ಮುಖ ಕಾಣ್ಲಿಲ್ಲ, ನೀರಿನ ಮೀಟರ್ ನೋಡೋನು ಅಂದ್ಕೊಂಡೆ.”

“ಭಾನುವಾರ ಮೀಟರ್ ನೋಡೋಕೆ ಬರ್ತಾರಾ?”

“ಅಯ್ಯೋ, ವಾರದ ದಿನವೇ ಬರಲ್ಲ ಅವರು.”

“ಬಾಗಿಲು ಮುರಿದನಾ?”

“ಇಲ್ಲಮ್ಮ. ಬೀಗದ ಕೈ ಹಾಕಿ ತೆಗೆದ. ಕಾಲು ಒರೆಸ್ಕೊಂಡು ಒಳಗೆ ಹೋದ. ವಾಪಸ್ ಹೋಗ್ವಾಗ ಎರಡು ಚೀಲ ಇತ್ತು, ಭಾರ. ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸ್ಕೊಂಡು ಹೋಗ್ತಿದ್ದ. ಕೂಗಿ ಸಹಾಯ ಬೇಕಾ ಅಂತ ಕೇಳೋಣ ಅನ್ಕೊಂಡಿದ್ದೆ.”

ಸೋಮವಾರ ಮಧ್ಯಾಹ್ನ ಮತ್ತು ಮಂಗಳವಾರ ಬೆಳಿಗ್ಗೆ ಯಾಫ್ತಾ ಊರಿನ ಗಿರವಿ ಅಂಗಡಿಗಳನ್ನೆಲ್ಲ ಸುತ್ತಿದ. ಹಳೆಯ ನಾಣ್ಯ ಹಿಡಿದುಕೊಂಡು ಯಾರೂ ಬಂದಿರಲಿಲ್ಲ. ಕೊನೆಗೆ ಇನ್‌ಸ್ಪೆಕ್ಟರೇ ಮಾರುಕಟ್ಟೆ ಚೌಕದ ಹತ್ತಿರದ ಸುಲೇಮಾನ್ ಎಸ್ಸಾಪ್‌ನ ಗಡಿಯಾರದ ಅಂಗಡಿಗೆ ಹೋದಳು. ಎಸ್ಸಾಪ್ ಗಡಿಯಾರ ರಿಪೇರಿ ಮಾಡುತ್ತಿದ್ದ, ನಾಣ್ಯ ಕೊಂಡು ಮಾರುತ್ತಿದ್ದ, ಊರಿನ ನಾಣ್ಯ ಸಂಗ್ರಾಹಕರ ಸಂಘಕ್ಕೆ ಕಾರ್ಯದರ್ಶಿಯೂ ಆಗಿದ್ದ.

“ಸುದ್ದಿ ಬಂತು,” ಅಂದ ಎಸ್ಸಾಪ್. “ನನ್ನ ಹತ್ರ ಯಾರೂ ಬಂದಿಲ್ಲ. ಬರೋದೂ ಇಲ್ಲ. ಎಡ್ಗರ್ ನಾಣ್ಯ ಅಂದ್ರೆ ನಮಗೆಲ್ಲ ಮುಖ ಗುರುತು. ಒಂದೊಂದರ ಕಲೆ, ಗೀರು, ಎಲ್ಲ ಗೊತ್ತು.”

“ಅವರ ಕಪಾಟು ಮಾಡಿದ ಬಡಗಿ ಯಾರು?”

ಎಸ್ಸಾಪ್ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. “ಅವರು ಹೇಳಲಿಲ್ವಾ? ಬಾರ್ನಬಾಸ್ ಓಲಿನ್. ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿ ಬಡಗಿ. ಒಡೆದುಹಾಕಿದ ಒಂದು ಮೊದಲ ದರ್ಜೆ ಬೋಗಿಯ ತೇಗದಲ್ಲಿ ಮಾಡಿಕೊಟ್ಟ. ಒಂದು ಪೈಸೆ ತಗೊಳ್ಲಿಲ್ಲ. ಇಬ್ಬರೂ ಒಂದೇ ಪ್ಯಾಂಟಿನ ಎರಡು ಕಾಲು ಇದ್ದ ಹಾಗೆ ಇದ್ರು, ಮೂವತ್ತು ವರ್ಷ.”

“ಇದ್ರು?”

“ಒಂದು ವರ್ಷದಿಂದ ಬಾರ್ನಿ ಸಂಘಕ್ಕೆ ಬರ್ತಿಲ್ಲ.”

“ಯಾಕೆ?”

ಎಸ್ಸಾಪ್ ಅಂಗಡಿಯ ಹುಡುಗಿಗೆ ಚಹಾ ತರಲು ಹೇಳಿ ಕಳಿಸಿದ. ಅವಳು ಹೋದ ಮೇಲೆ ಹೇಳಿದ.

“ಬಾರ್ನಿಗೆ ನಾಣ್ಯದ ಹುಚ್ಚು ಹಿಡಿಸಿದ್ದೇ ಎಡ್ಗರ್. ಟಿಕೆಟ್ ಕೌಂಟರಿಗೆ ಬಂದ ಚಿಲ್ಲರೇಲಿ ಹಳೇದು ಸಿಕ್ಕಿದ್ರೆ, ಮಧ್ಯಾಹ್ನ ಊಟದ ಹೊತ್ತಿಗೆ ಇಬ್ರೂ ಬೆಂಚಿನ ಮೇಲೆ ಹರಡ್ಕೊಂಡು ಕೂರೋರು. ಬಾರ್ನಿಗೆ ಗುಬ್ಬಿ ಚಿತ್ರ ಇರೋ ಫಾರ್ದಿಂಗ್, ಕಾಲು ಪೆನ್ನಿ ನಾಣ್ಯ, ಕಂಡ್ರೆ ಪ್ರಾಣ. ನಯಾಪೈಸೆ ಬಾಳಲ್ಲ ಅದು. ಇದು ಯಾವ ತಾಯಿ ಕೈಯಿಂದ ಯಾವ ಮಗುಗೆ ಮಿಠಾಯಿ ಕೊಡಿಸಿತೋ ಅನ್ನೋನು. ಹಾಗಿದ್ದವನಿಗೆ ನಿವೃತ್ತಿ ಹಣ ಒಟ್ಟಿಗೆ ಬಂತು. ಆಗಲೇ ಜೊಹಾನ್ಸ್‌ಬರ್ಗಿಂದ ಒಂದು ಕಂಪನಿಯವನು ಈ ಕಡೆ ಓಡಾಡ್ತಿದ್ದ. ಬ್ಯಾಂಕಲ್ಲಿ ದುಡ್ಡು ಕೊಳೆಯುತ್ತೆ, ನಾಣ್ಯ ಬೆಳೆಯುತ್ತೆ ಅಂತ.”

“ಏನು ಮಾರಿದ?”

“ಗಟ್ಟಿ ಪ್ಲಾಸ್ಟಿಕ್ ಡಬ್ಬೀಲಿ ಮೊಹರು ಮಾಡಿಟ್ಟ ನಾಣ್ಯ. ಪಕ್ಕದಲ್ಲಿ ಒಂದು ಅಂಕಿ, ಇಷ್ಟು ಶುದ್ಧ, ಇಷ್ಟು ಅಪರೂಪ ಅಂತ. ಮುಟ್ಟೋ ಹಾಗಿಲ್ಲ. ನಾವು ಅದನ್ನ ಶವಪೆಟ್ಟಿಗೆ ಅಂತೀವಿ.” ಎಸ್ಸಾಪ್ ತಲೆ ಅಲ್ಲಾಡಿಸಿದ. “ಇದ್ದದ್ದನ್ನೆಲ್ಲ ಹಾಕ್ಬಿಟ್ಟ. ಆಮೇಲೆ ಅವನ ಹೆಂಡ್ತಿ ಡೊರಾಗೆ ಆಪರೇಷನ್ ಬಂತು ನೋಡಿ, ಮಾರೋಕೆ ಅಂತ ನನ್ನ ಹತ್ರ ತಂದ. ಬೆಳ್ಳಿ ತೂಕದ ಮೇಲೆ ಸ್ವಲ್ಪ ಸೇರಿಸಿ ಕೊಡ್ತೀನಿ ಅಂದೆ. ಅವನು ಹಾಕಿದ್ದರ ಹತ್ತರಲ್ಲಿ ಒಂದು ಪಾಲೂ ಆಗ್ಲಿಲ್ಲ. ನೀನು ಹೊಟ್ಟೆಕಿಚ್ಚಿಗೆ ಹೇಳ್ತಿದೀಯ ಅಂತ ಬೈದು ಹೋದ. ಬೇರೆ ಊರಲ್ಲೂ ವಿಚಾರಿಸಿದ ಮೇಲೆ ಬೈಯೋದು ಬಿಟ್ಟ.”

“ಕೊಳ್ಳೋ ಮೊದಲು ನಿಮ್ಮನ್ನ ಕೇಳಲಿಲ್ವಾ?”

“ನನ್ನನ್ನ ಯಾಕೆ ಕೇಳ್ತಾನೆ? ಅವನಿಗೆ ಎಡ್ಗರ್ ಇದ್ನಲ್ಲ.”

“ಈಗ ಎಲ್ಲಿದಾರೆ ಓಲಿನ್?”

“ದೊಡ್ಡ ಮಾಲಿನ ಪಾರ್ಕಿಂಗಲ್ಲಿ ನೋಡಿ. ಕಾರು ಕಾಯ್ತಾನೆ.”

ಮೊಗೊರೊಸಿಗೆ ಹಳದಿ ಅಂಗಿ ಯಾರದೆಂದು ಆಗ ತಿಳಿಯಿತು.

ಕಾರು ಕಾಯುವವರಿಗೆ ಸಂಬಳವಿಲ್ಲ. ಬೆಳಿಗ್ಗೆ ಮೇಸ್ತ್ರಿಗೆ ದಿನದ ಬಾಡಿಗೆ ಕಟ್ಟಿ ಹಳದಿ ಅಂಗಿ ಪಡೆಯಬೇಕು. ಆಮೇಲೆ ಕಾರಿನವರು ಹೋಗುವಾಗ ಕೈಗೆ ಹಾಕಿದ ಚಿಲ್ಲರೆಯೇ ಗಳಿಕೆ. ಬಾರ್ನಬಾಸ್ ಓಲಿನ್ ಮೂರನೆಯ ಸಾಲಿನಲ್ಲಿ, ನೆರಳೇ ಇಲ್ಲದ ಕಡೆ ನಿಂತಿದ್ದರು. ಅರವತ್ತೇಳು ವರ್ಷ. ತೆಳ್ಳಗೆ, ಉದ್ದಕ್ಕೆ ಇದ್ದರು. ಕತ್ತಿನ ಚರ್ಮ ಬಿಸಿಲಿಗೆ ಒಡೆದಿತ್ತು. ಒಬ್ಬ ಹೆಂಗಸಿನ ಕಾರನ್ನು ಹಿಂದಕ್ಕೆ ಬರುವಂತೆ ಕೈಬೀಸಿ ಕರೆದು, ಆಕೆ ಕೊಟ್ಟದ್ದನ್ನು ಎರಡೂ ಕೈಯಿಂದ ತೆಗೆದುಕೊಂಡು, ಆಮೇಲೆ ಪೊಲೀಸರ ಕಡೆ ತಿರುಗಿದರು.

“ಬಾರ್ನಬಾಸ್ ಓಲಿನ್?”

“ಹೌದು ಮೇಡಂ.”

“ಭಾನುವಾರ ಬೆಳಿಗ್ಗೆ ಎಲ್ಲಿದ್ರಿ?”

“ಎಡ್ಗರ್ ಮನೇಲಿ.”

ಯಾಫ್ತಾ ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ಹಾಗೇ ಉಳಿದವು.

“ಆಗ ಅವರು ಮನೇಲಿರಲಿಲ್ಲ.”

“ಅದಕ್ಕೇ ಹೋಗಿದ್ದು.”

“ಕೀಲಿ?”

“ಅವನೇ ಕೊಟ್ಟದ್ದು, ಎಷ್ಟೋ ವರ್ಷದ ಹಿಂದೆ. ಮಗಳ ಮನೆಗೆ ಹೋದಾಗ ಗಿಡಕ್ಕೆ ನೀರು ಹಾಕೋಕೆ. ವಾಪಸ್ ಕೇಳೋದೂ ಅವನಿಗೆ ಮರೆತುಹೋಗಿದೆ.”

“ನಾಣ್ಯ ಎಲ್ಲಿ?”

“ನನ್ನ ಮನೇಲಿವೆ.” ಕೆಲಸ ಒಪ್ಪಿಸುವವರ ಹಾಗೆ ಹೇಳಿದರು: “ಇನ್ನೂ ಮುಗಿದಿಲ್ಲ ಮೇಡಂ. ಪೆನ್ನಿ ಬಾಕಿ ಇವೆ.”

ಏನು ಮುಗಿದಿಲ್ಲ ಎಂಬುದು ಊರಂಚಿನ ರೂಡೆಪಾನಿನ ಅವರ ಎರಡು ಕೋಣೆಯ ಮನೆ ಹೊಕ್ಕಾಗ ತಿಳಿಯಿತು. ಬಾಗಿಲಲ್ಲೇ ಹಿತ್ತಾಳೆ ಉಜ್ಜುವ ಪಾಲಿಷಿನ ಘಾಟು ಮೂಗಿಗೆ ಹೊಡೆಯಿತು. ಅಡುಗೆ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ನೂರಾರು ನಾಣ್ಯಗಳನ್ನು ಸಾಲುಸಾಲಾಗಿ ಜೋಡಿಸಿತ್ತು. ಷಿಲ್ಲಿಂಗು, ಆರು ಪೆನ್ಸು, ಮೂರು ಪೆನ್ಸಿನ ಟಿಕಿ, ಫಾರ್ದಿಂಗು. ಎಲ್ಲವೂ ಕನ್ನಡಿಯ ಚೂರುಗಳ ಹಾಗೆ ಹೊಳೆಯುತ್ತಿದ್ದವು. ಮೂಲೆಯ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮಾತ್ರ ಕಂದು ಬಣ್ಣದ ಪೆನ್ನಿಗಳು ಇನ್ನೂ ಹಾಗೇ ಇದ್ದವು.

ಬಾರ್ನಬಾಸರ ಹೆಂಡತಿ ಡೊರಾ ಒಲೆಯ ಹತ್ತಿರದಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಬೆರಳ ತುದಿಗಳೂ ಕಪ್ಪಾಗಿದ್ದವು.

“ಎಡ್ಗರಣ್ಣನ ಮನೆಯಿಂದ ಬಂದ್ರಾ? ಇನ್ನೆರಡು ದಿನ ಬೇಕು ಅಂತ ಹೇಳಿ ಅವರಿಗೆ. ನಾನೂ ಉಜ್ಜಿಕೊಡ್ತಿದೀನಿ, ಚರ್ಚಿನ ಬಟ್ಟಲೆಲ್ಲ ನಾನೇ ಉಜ್ಜೋದು. ಎಷ್ಟು ಕೊಳೆ ಹಿಡಿದಿತ್ತು ಗೊತ್ತಾ? ಪಾಪ, ಹೆಂಡ್ತಿ ಇಲ್ಲದ ಮನೆ.” ಆಮೇಲೆ ಯಾಫ್ತಾನ ಸಮವಸ್ತ್ರ ನೋಡಿದಳು. ಗಂಡನ ಮುಖ ನೋಡಿದಳು.

“ಇವಳಿಗೇನೂ ಗೊತ್ತಿಲ್ಲ,” ಅಂದರು ಬಾರ್ನಬಾಸ್. “ಅವನೇ ಕೊಟ್ಟ ಅಂತ ಹೇಳಿದ್ದೆ.”

ನಾಣ್ಯಗಳನ್ನೂ ಪಾಲಿಷಿನ ಡಬ್ಬಿಯನ್ನೂ ಬಟ್ಟೆಚೂರುಗಳನ್ನೂ ಮಹಜರು ಮಾಡಿ ವಶಕ್ಕೆ ತೆಗೆದುಕೊಂಡರು. ಮಂಚದ ಕೆಳಗೆ ಒಂದು ಹಳೆಯ ಸೂಟ್‌ಕೇಸಿನಲ್ಲಿ ಪ್ಲಾಸ್ಟಿಕ್ ಡಬ್ಬಿಯ ನಾಣ್ಯಗಳಿದ್ದವು. ಅವನ್ನು ಅಲ್ಲೇ ಬಿಟ್ಟರು. ಅವು ಬಾರ್ನಬಾಸರವೇ, ಪೂರ್ತಿ ಹಣ ಕೊಟ್ಟು ಕೊಂಡದ್ದು.

ವಿಚಾರಣೆಗೆಂದು ಅವರನ್ನು ಠಾಣೆಗೆ ಕರೆದುಕೊಂಡು ಬಂದರು. ಮೊಗೊರೊಸಿ ಹಕ್ಕುಗಳನ್ನು ಓದಿ ಹೇಳಿದಳು. ವಕೀಲರು ಬೇಡ ಎಂದು ಬಾರ್ನಬಾಸ್ ಹೇಳಿದರು.

“ವಾಪಸ್ ಕೊಡೋ ಯೋಚನೆ ಇತ್ತಾ?”

“ಇತ್ತು. ಎಲ್ಲ ಮುಗಿದ ಮೇಲೆ, ಅವನು ಚರ್ಚಿಗೆ ಹೋದಾಗ, ಇದ್ದ ಇದ್ದ ಗುಳೀಲೇ ಇಟ್ಟು ಬರೋಣ ಅಂತ.”

“ಹಾಗಾದ್ರೆ ಕಳ್ಳತನ ಅಲ್ವಲ್ಲ ಮೇಡಂ?” ಯಾಫ್ತಾ ನಡುವೆ ಬಾಯಿ ಹಾಕಿದ.

“ಅದನ್ನ ಕೋರ್ಟು ನೋಡ್ಕೊಳ್ಳುತ್ತೆ. ನೀನು ಬರಿ.” ಬಾರ್ನಬಾಸರ ಕಡೆ ತಿರುಗಿದಳು. “ಉಜ್ಜಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು. ಮೊದಲನೇ ದಿನ ಎಡ್ಗರ್ ಹೇಳಿಕೊಟ್ಟದ್ದೇ ಅದು. ನಾಣ್ಯಾನ ಉಜ್ಜಬಾರದು ಬಾರ್ನಿ, ಉಜ್ಜಿದ್ರೆ ಅದರ ಮೈ ಹೋಗುತ್ತೆ, ಆಮೇಲೆ ಅದು ಬರೀ ಲೋಹ.”

“ಕ್ರೂಗರ್‌ರಾಂಡ್ ಯಾಕೆ ಬಿಟ್ರಿ?”

“ಚಿನ್ನ ಉಜ್ಜಿದ್ರೂ ಚಿನ್ನವೇ. ಅದನ್ನ ಹಾಳು ಮಾಡೋಕಾಗಲ್ಲ. ಕದ್ದ ಅಂತ ಬೇರೆ ಆಗುತ್ತೆ.”

“ನೀವು ಆ ಡಬ್ಬಿ ನಾಣ್ಯ ಕೊಳ್ಳೋ ಮೊದಲು ಎಡ್ಗರ್ ಅವರನ್ನ ಕೇಳಿದ್ರಾ?”

“ಮೊದಲನೇ ಕಂತಿನ ನಾಣ್ಯ ಬಂದಾಗ ತಗೊಂಡು ಹೋಗಿದ್ದೆ. ಹತ್ತು ದಿನದೊಳಗೆ ಬೇಡ ಅಂದ್ರೆ ದುಡ್ಡು ವಾಪಸ್ ಕೊಡ್ತಾರೆ ಅಂತಿತ್ತು. ಎಡ್ಗರ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಇವು ಬೆಲೆ ಬಾಳ್ತವಾ ಅಂತ ಕೇಳಿದೆ. ಈ ಮನೇಲಿ ಬೆಲೆ ಮಾತು ಬೇಡ ಬಾರ್ನಿ, ನಾಣ್ಯ ಮಾತ್ರ ಬಹಳ ಚೆನ್ನಾಗಿವೆ ಅಂದ. ಅವನು ಚೆನ್ನಾಗಿವೆ ಅಂದ ಮೇಲೆ ಮುಗೀತು ನನಗೆ. ಉಳಿದದ್ದನ್ನೂ ಹಾಕಿದೆ.” ಅವರು ಕಪ್ಪಾದ ಬೆರಳುಗಳನ್ನು ನೋಡಿಕೊಂಡರು. “ಅವತ್ತಿನಿಂದ ನಾಣ್ಯದ ಖುಷಿಯೂ ಹೋಯ್ತು ಮೇಡಂ. ಡಬ್ಬೀಲಿ ಇರೋದನ್ನ ಮುಟ್ಟೋಕಾಗಲ್ಲ. ವಾರ ವಾರ ಕಂಪನಿಗೆ ಫೋನ್ ಮಾಡಿ ಎಷ್ಟಾಯ್ತು ಅಂತ ಕೇಳೋದು. ಏರಿದೆ ಏರಿದೆ ಅನ್ನೋರು. ನನ್ನ ಗುಬ್ಬಿಗಳನ್ನೂ ಮಾರಿದೆ, ಇನ್ನೊಂದು ಡಬ್ಬಿ ತಗೊಳ್ಳೋಕೆ.”

ಕಂಪನಿಯವನ ಕಾರ್ಡು ಅವರ ಪರ್ಸಿನಲ್ಲಿತ್ತು. ರಿಯಾನ್ ಟ್ರೆಡೂ. ಕಂಪನಿ ಮುಚ್ಚಿತ್ತು, ಆದರೆ ಫೋನ್ ನಂಬರು ಹಾಗೇ ಇತ್ತು. ಅವನು ಈಗ ಡರ್ಬನ್ನಿನಲ್ಲಿ ದೋಣಿ ಮಾರುತ್ತಿದ್ದ. ಮೊಗೊರೊಸಿ ಫೋನ್ ಮಾಡಿ ಪೊಲೀಸ್ ಎಂದಾಗ ಒಂದು ಗಳಿಗೆ ತಡವರಿಸಿ, ಎಡ್ಗರ್ ಅವರ ನಾಣ್ಯ ಕಳುವಾದ ಕೇಸು ಎಂದು ಕೇಳಿ ಹಗುರಾದ.

“ಊಮ್ ಎಡ್ಗರ್! ಬಹಳ ದೊಡ್ಡ ಮನುಷ್ಯ ಮೇಡಂ. ಕಿಂಬರ್ಲೀಲಿ ನಮಗೆ ಬಾಗಿಲು ತೆಗೆದವರೇ ಅವರು. ಯಾರ್ಯಾರಿಗೆ ನಿವೃತ್ತಿ ಹಣ ಬಂದಿದೆ, ಯಾರಿಗೆ ನಾಣ್ಯದ ಮೇಲೆ ಪ್ರೀತಿ, ಎಲ್ಲ ಹೇಳಿದ್ರು.”

“ಕಮಿಷನ್ ಕೊಟ್ರಾ?”

“ಛೆ ಛೆ, ದುಡ್ಡು ಮುಟ್ಟೋರಲ್ಲ ಅವರು. ಒಂದೇ ಒಂದು ಆಸೆ ಇತ್ತು. ೧೯೩೧ರ ಷಿಲ್ಲಿಂಗ್. ಆ ವರ್ಷ ಟಂಕಸಾಲೆಯವರು ಕೆಲವೇ ಸಾವಿರ ಹೊಡೆದಿದ್ದು. ನಲವತ್ತು ವರ್ಷದಿಂದ ಹುಡುಕ್ತಿದ್ರಂತೆ. ನಾವು ಹುಡುಕಿಸಿ ಉಡುಗೊರೆ ಕೊಟ್ವಿ. ಅತ್ತೇಬಿಟ್ರು ಪಾಪ. ಇದ್ರಲ್ಲಿ ಕಾನೂನಿಗೆ ವಿರುದ್ಧ ಏನಿಲ್ಲವಲ್ಲ ಮೇಡಂ?”

ಇರಲಿಲ್ಲ. ಮೊಗೊರೊಸಿ ಎರಡು ಸಲ ಯೋಚಿಸಿ ನೋಡಿದಳು. ಬೆಲೆ ಏರುತ್ತದೆಂದು ಬಾಯಲ್ಲಿ ಹೇಳಿದ್ದರು, ಸಹಿ ಹಾಕಿಸಿದ ಕಾಗದದಲ್ಲಿ ಏರದೆಯೂ ಇರಬಹುದು ಎಂದಿತ್ತು. ಅವಳು ಫೋನ್ ಇಟ್ಟಳು.

ಬುಧವಾರ ಬೆಳಿಗ್ಗೆ ಗುರುತು ಹಿಡಿಯಲು ಎಡ್ಗರ್ ಅವರನ್ನು ಕರೆಸಿದರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ನಾಣ್ಯಗಳನ್ನು ಹರಡಿದ್ದರು. ಅವರು ಬಾಗಿಲಲ್ಲೇ ನಿಂತರು. ಒಳಗೆ ಬಂದು ಕೂರಲು ಯಾಫ್ತಾ ತೋಳು ಹಿಡಿಯಬೇಕಾಯಿತು. ಹುಡುಕಿ ಹುಡುಕಿ ಒಂದು ಷಿಲ್ಲಿಂಗನ್ನು ಎತ್ತಿಕೊಂಡರು. ಲಂಗರಿಗೆ ಒರಗಿ ನಿಂತ ಹೆಣ್ಣಿನ ಚಿತ್ರ ಅದರ ಮೇಲಿತ್ತು. ಅವಳ ಸೀರೆಯಂಥ ಉಡುಪಿನ ನೆರಿಗೆಗಳು ಉಜ್ಜಿ ಉಜ್ಜಿ ಮಾಸಿದ್ದವು.

“ಸತ್ತುಹೋಯ್ತು,” ಅಂದರು.

“ಹೊಸದರ ಹಾಗೆ ಹೊಳೀತಿದೆಯಲ್ಲ ಊಮ್,” ಅಂದ ಯಾಫ್ತಾ. ಅವನು ನಿಜವಾಗಿಯೂ ಸಮಾಧಾನಕ್ಕೇ ಹೇಳಿದ್ದು.

“ಹೊಳೆಯುತ್ತೆ. ಮುಖದ ಚರ್ಮ ಸುಲಿದ್ರೂ ಹೊಳೆಯುತ್ತೆ.” ಅವರು ಷಿಲ್ಲಿಂಗನ್ನು ಬೆಳಕಿಗೆ ಹಿಡಿದರು. “ಎಷ್ಟು ಜನರ ಕೈ ಮುಟ್ಟಿ ಬಂದ ಬಣ್ಣ ಅದು, ಎಷ್ಟು ವರ್ಷದ್ದು. ಮೂರು ದಿನದಲ್ಲಿ ತೊಳೆದುಹಾಕಿಬಿಟ್ಟ.”

ಆ ದುಃಖ ಸುಳ್ಳಲ್ಲ ಎಂಬುದು ಮೊಗೊರೊಸಿಗೆ ಕಂಡಿತು. ಒಂದು ಲೋಟ ನೀರು ಅವರ ಮುಂದಿಟ್ಟಳು.

“ಯಾರು ಅಂತ ಗೊತ್ತಲ್ಲ?”

“ಗೊತ್ತು.”

“ಸೋಮವಾರವೇ ಗೊತ್ತಿತ್ತು.”

ಅವರು ಷಿಲ್ಲಿಂಗನ್ನು ಬೆರಳಿನಿಂದ ಸವರಿದರು.

“ನೀವು ಅವರಿಗೆ ಆ ಡಬ್ಬಿ ನಾಣ್ಯ ಚೆನ್ನಾಗಿವೆ ಅಂದ್ರಂತೆ.”

“ಚೆನ್ನಾಗೇ ಇದ್ವು. ನಾನೇನು ಸುಳ್ಳು ಹೇಳಿದ್ನಾ?”

“ಬಾಳ್ತವಾ ಅಂತ ಕೇಳಿದ್ರು.”

“ನಾನು ಬೆಲೆ ಹೇಳೋನಲ್ಲ. ಯಾರಿಗೂ ಹೇಳಿಲ್ಲ. ಊರಿಗೆಲ್ಲ ಗೊತ್ತು.”

“ಈ ಷಿಲ್ಲಿಂಗ್ ಎಲ್ಲಿಂದ ಬಂತು ಊಮ್?”

ಎಡ್ಗರ್ ಮುಷ್ಟಿ ಮುಚ್ಚಿದರು. “ಅದು ಬೇರೆ, ಇದು ಬೇರೆ. ನಾನು ಅದರಿಂದ ಒಂದು ಸೆಂಟ್ ಮಾಡಿಲ್ಲ. ಒಂದು ಸೆಂಟ್! ಅವನು ದುರಾಸೆಗೆ ಬಿದ್ದ. ಖುಷಿಗೆ ಅಂತ ಇಟ್ಕೊಂಡಿದ್ರೆ ಏನಾಗ್ತಿತ್ತು? ಇದನ್ನ ದುಡ್ಡು ಮಾಡೋ ದಾರಿ ಅಂದ್ಕೊಂಡವರಿಗೆಲ್ಲ ಹೀಗೇ ಆಗೋದು.”

“ಅವರ ಹೆಂಡ್ತಿಗೆ ಆಪರೇಷನ್ ಇತ್ತು. ವಯಸ್ಸಾಗಿದೆ. ನೀವು ದೂರು ವಾಪಸ್ ತಗೊಂಡ್ರೆ ನಾನು ಪ್ರಾಸಿಕ್ಯೂಟರ್ ಹತ್ರ ಮಾತಾಡಬಹುದು.”

ಅವರು ಹೊಳೆಯುವ ಸಾಲುಗಳನ್ನು ಇನ್ನೊಮ್ಮೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಕಳುವಾಗಿದ್ರೆ ವಿಮೆಯವರು ಪೂರ್ತಿ ಕೊಡ್ತಿದ್ರು. ಹೀಗೆ ಹಾಳಾಗಿ ಸಿಕ್ಕಿದ್ರೆ ಕೊಡ್ತಾರಾ?”

“ನನಗೆ ಗೊತ್ತಿಲ್ಲ.”

“ಕೇಸ್ ಇದ್ರೆ ಕೊಡ್ತಾರೆ. ಕೇಸ್ ಇಲ್ಲದಿದ್ರೆ ಏನೂ ಕೊಡಲ್ಲ.” ಎದ್ದು ಕೋಟು ಸರಿಮಾಡಿಕೊಂಡರು. “ಕಾನೂನು ಏನಿದೆಯೋ ಹಾಗೆ ಮಾಡಿ.”

ಕಾನೂನು ಇದ್ದ ಹಾಗೆ ಅದೇ ದಿನ ಹನ್ನೊಂದೂವರೆಗೆ ಬಾರ್ನಬಾಸ್ ಓಲಿನ್ ಅವರನ್ನು ಬಂಧಿಸಲಾಯಿತು. ಮನೆ ಹೊಕ್ಕು ಕಳ್ಳತನ, ದುರುದ್ದೇಶದಿಂದ ಪರರ ಸ್ವತ್ತಿಗೆ ಹಾನಿ. ಅವರು ಹಳದಿ ಅಂಗಿಯನ್ನು ಬಿಚ್ಚಿ, ಮಡಿಸಿ, ಮೇಸ್ತ್ರಿಗೆ ಮುಟ್ಟಿಸಿ ಎಂದು ಯಾಫ್ತಾನ ಕೈಗೆ ಕೊಟ್ಟರು. ಅದು ಬಾಡಿಗೆ ಅಂಗಿ, ಇಟ್ಟುಕೊಂಡರೆ ಡೊರಾಳ ಮೇಲೆ ಹಾಕುತ್ತಾರೆ ಅಂದರು.

ಹೇಳಿಕೆಗೆ ಸಹಿ ಹಾಕಿಸುವ ಮೊದಲು ಮೊಗೊರೊಸಿ ಪೆನ್ನಿನ ಮುಚ್ಚಳ ತೆಗೆದು ಕೇಳಿದಳು.

“ದುಡ್ಡು ಹೋಗಿ ವರ್ಷದ ಮೇಲಾಯ್ತು. ಒಂದು ವರ್ಷ ಸುಮ್ಮನಿದ್ರಿ. ಈಗ ಯಾಕೆ?”

“ಹೋದ ತಿಂಗಳು ಎಡ್ಗರ್ ಮಾಲಿಗೆ ಬಂದ. ಅವನ ಕಾರು ನನ್ನ ಸಾಲಿನಲ್ಲೇ ನಿಂತಿತ್ತು. ವಾಪಸ್ ಬಂದ, ಸಾಮಾನು ಇಟ್ಟ. ಹೋಗ್ವಾಗ ಗಾಜು ಇಳಿಸಿ ಐದು ರಾಂಡ್ ತೆಗೆದ. ನನ್ನ ಅಂಗೈ ಮೇಲೆ ಇಟ್ಟೇಬಿಟ್ಟಿದ್ದ, ಆಮೇಲೆ ವಾಪಸ್ ಎತ್ಕೊಂಡ. ಕಣ್ಣಿನ ಹತ್ರ ಹಿಡಿದು ನೋಡಿದ. ಗ್ರಿಕ್ವಾ ಜನರ ಊರಿನ ಇನ್ನೂರು ವರ್ಷದ ನೆನಪಿಗೆ ಹೊಡೆದ ನಾಣ್ಯ ಅದು. ನಮ್ಮವರದ್ದೇ. ಎಲ್ಲಾ ಕಡೆ ಸಿಗುತ್ತೆ, ಐದು ರಾಂಡಿಗಿಂತ ಒಂದು ಸೆಂಟ್ ಹೆಚ್ಚು ಬಾಳಲ್ಲ. ಅದನ್ನ ಜೇಬಿಗೆ ಹಾಕ್ಕೊಂಡು ಬೇರೆ ಐದು ರಾಂಡ್ ಕೊಟ್ಟ. ಆಮೇಲೆ, ಡೊರಾ ಹೇಗಿದಾಳೆ ಬಾರ್ನಿ ಅಂದ.”

ಮೊಗೊರೊಸಿ ಬರೆದುಕೊಂಡಳು.

“ನೀವು ಏನಂದ್ರಿ?”

“ಚೆನ್ನಾಗಿದಾಳೆ ಅಂದೆ. ಕಾರು ಹಿಂದಕ್ಕೆ ತಗೊಳ್ಳೋಕೆ ದಾರಿ ತೋರಿಸ್ದೆ. ಹೋದ. ಅದಾದ ಮೇಲೆ ನಾನು ಏನು ಮಾಡಿದೆ ಗೊತ್ತಾ ಮೇಡಂ? ಬಿಸಿಲಲ್ಲಿ ನಿಂತು, ಕೈಗೆ ಬಿದ್ದಿದ್ದ ಆ ಇನ್ನೊಂದನ್ನ ತಿರುಗಿಸಿ ನೋಡಿದೆ. ಯಾವ ವರ್ಷದ್ದು ಅಂತ.”

ಪೆನ್ನು ನಿಂತಿತು. “ಇದನ್ನೂ ಬರ್ಕೊಳ್ಲಾ?”

“ಬರ್ಕೊಳ್ಳಿ,” ಅಂದರು ಬಾರ್ನಬಾಸ್.

ಅವಳು ಬರೆದಳು. ಓದಿ ಹೇಳಿದಳು. ಅವರು ಪ್ರತಿ ಪುಟದ ಕೆಳಗೂ ಬಡಗಿಯ ಗಟ್ಟಿ ಅಕ್ಷರದಲ್ಲಿ ಸಹಿ ಹಾಕಿದರು. ಯಾಫ್ತಾ ಲಾಕಪ್ಪಿನ ಬಾಗಿಲು ತೆಗೆದು, ಒಳಗೆ ಹೋಗುವಾಗ ತಲೆ ತಗುಲದಂತೆ ಅವರ ನೆತ್ತಿಯ ಮೇಲೆ ಕೈ ಹಿಡಿದ.